ಅಟ್ಲಾಸ್ ಡಬಲ್ ಬಾರ್ ಮತ್ತೆ ಬರಲಿ

ಹೊಸದುರ್ಗದ ತೆಂಗಿನಕಾಯಿ ಚೀಲ, ಹೊಳಲ್ಕೆರೆ ತೋಟದ ಅಡಿಕೆ, ಹಿರಿಯೂರಿನ ಹಾಲಿನ ಕ್ಯಾನು: ಎಲ್ಲವನ್ನೂ ಹೊತ್ತು ತಿರುಗಿದ್ದು 28 ಇಂಚು ಚಕ್ರದ ಕಪ್ಪು ಸೈಕಲ್. ಆಯುಧಪೂಜೆಗೆ ಚೆಂಡುಹೂವಿನ ಹಾರ, ಬಾಳೆಕಂದು ಕಟ್ಟಿಸಿಕೊಂಡು ಅದು ಮನೆಯವರಲ್ಲೊಬ್ಬರಂತೆಯೇ ಇತ್ತು.

ಅದರಲ್ಲೂ ಅಟ್ಲಾಸ್ ಡಬಲ್ ಬಾರ್ ಎಂದರೆ ಹೊರೆ ಹೊರುವವರಿಗೆ ಬಲು ನಂಬಿಕೆ. ಸೀಟಿನಿಂದ ಹ್ಯಾಂಡಲ್ ಕಡೆಗೆ ಒಂದರ ಕೆಳಗೊಂದು ಎರಡು ಬಾರು. ಪೈಪಿನ ತುದಿಯನ್ನು ಉಕ್ಕಿನ ತೋಳಿಗೆ ತೂರಿಸಿ, ಸಂದಿಗೆ ಹಿತ್ತಾಳೆ ಕರಗಿಸಿ ಬೆಸೆದ ಕೀಲುಗಳು. ಗೇರಿಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಬ್ರೇಕಿಗೆ ಕೇಬಲ್ಲೂ ಇಲ್ಲ, ಕಬ್ಬಿಣದ ಸರಳು. ಮುಂದಿನ ಚಕ್ರಕ್ಕೆ 32 ಕಡ್ಡಿಯಾದರೆ ಭಾರ ಬೀಳುವ ಹಿಂದಿನದಕ್ಕೆ 40. ಎರಡು ಸ್ಪ್ಯಾನರ್, ಒಂದು ಸುತ್ತಿಗೆ ಇದ್ದರೆ ಬಹುಪಾಲು ರಿಪೇರಿ ಮರದಡಿಯಲ್ಲೇ ಮುಗಿಯುತ್ತಿತ್ತು. ಬಳ್ಳಾರಿ ಜಾಲಿಯ ಮುಳ್ಳು ದಾರಿತುಂಬ ಬಿದ್ದಿರುವ ಈ ಸೀಮೆಯಲ್ಲಿ ಅದು ಸಣ್ಣ ಅನುಕೂಲವಲ್ಲ.

ಜಾನಕಿದಾಸ್ ಕಪೂರ್ 1951ರಲ್ಲಿ ಇಂದಿನ ಹರಿಯಾಣದ ಸೋನಿಪತ್‌ನಲ್ಲಿ ಅಟ್ಲಾಸ್ ಕಂಪನಿ ಕಟ್ಟಿದರು. ಮಾಲನ್‌ಪುರ, ಸೋನಿಪತ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಉಳಿದಿದ್ದ ಸಾಹಿಬಾಬಾದ್ ಘಟಕ ನಿಂತದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಆ ದಿನ ಕೆಲಸ ಕಳೆದುಕೊಂಡವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಪ್ಪು ಸೈಕಲ್ ಮಾಡುವ ಬೇರೆ ಕಂಪನಿಗಳು ಇನ್ನೂ ಇವೆ. ಆದರೆ ಅಂಗಡಿಯ ಮುಂಸಾಲಿನಲ್ಲಿ ನಿಂತಿರುವುದು ದಪ್ಪ ಟೈರಿನ, ಗೇರಿನ ಬಣ್ಣದ ಸೈಕಲ್‌ಗಳು. ಅವುಗಳ ಡಿಸ್ಕ್ ಬ್ರೇಕ್ ಕೆಟ್ಟರೆ ಹಳ್ಳಿಯ ಸೈಕಲ್ ಶಾಪಿನವರು ಪೇಟೆ ಕಡೆ ಕೈ ತೋರಿಸಬೇಕು. ಹಳೆಯದರಲ್ಲಿ ಕೊರತೆ ಇರಲಿಲ್ಲವೆಂದಲ್ಲ. ತೂಕ ಹೆಚ್ಚು, ಮಳೆಯಲ್ಲಿ ಬ್ರೇಕು ಹಿಡಿಯುವುದು ಕಡಿಮೆ. ಬ್ರೇಕನ್ನು ಬೇಕಾದರೆ ಬದಲಿಸಲಿ, ಫ್ರೇಮನ್ನು ಮಾತ್ರ ಮುಟ್ಟಬಾರದು.

ನಮ್ಮ ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ಕೊರೊನಾ ಕಾಲದಲ್ಲಿ ಅದು ನಿಂತಿತು. ಮುಂದೆ ಮಕ್ಕಳಿಗೆ ಸೈಕಲ್ ಕೊಡುವಾಗ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಲಿ: ಗಟ್ಟಿ ಕೀಲಿನ ಸರಳ ಫ್ರೇಮು, ಊರಿನಲ್ಲೇ ಸಿಗುವ ಬಿಡಿಭಾಗ. ಅಷ್ಟು ದೊಡ್ಡ ಬೇಡಿಕೆ ಬಂದರೆ ಇಂಥ ಫ್ರೇಮನ್ನು ಮತ್ತೆ ಮಾಡಲು ಯಾವುದಾದರೂ ಕಾರ್ಖಾನೆ ಮುಂದೆ ಬಂದೀತು. ನಿಮ್ಮ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಹಳೆಯ ಡಬಲ್ ಬಾರ್ ಇದ್ದರೆ ಅಲ್ಲಿಯವರೆಗೆ ದಯವಿಟ್ಟು ಗುಜರಿಗೆ ಹಾಕಬೇಡಿ.