ಕಾಣುವ ಮೊದಲೇ ವಾಲಬೇಕು

ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ದ್ವೀಪವಿದೆ. ಅಲ್ಲಿನ ರಸ್ತೆಗಳಲ್ಲಿ ವರ್ಷವಿಡೀ ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಓಡಾಟ. ವರ್ಷಕ್ಕೆ ಎರಡು ಹಂಗಾಮಿನಲ್ಲಿ, ದಿನದ ಕೆಲವು ಗಂಟೆಗಳ ಮಟ್ಟಿಗೆ, ಕಾನೂನುಬದ್ಧವಾಗಿಯೇ ಆ ರಸ್ತೆಗಳಲ್ಲಿ ಕೆಲವನ್ನು ಮುಚ್ಚಿ ಮೋಟಾರ್‌ಸೈಕಲ್ ರೇಸಿಗೆ ಬಿಟ್ಟುಕೊಡುತ್ತಾರೆ. ಜೂನ್ ಆಸುಪಾಸಿನ ಟಿಟಿ ರೇಸು ಜಗತ್ಪ್ರಸಿದ್ಧ. ಅಲ್ಲಿ ವೃತ್ತಿಪರ ಸವಾರರು, ದೊಡ್ಡ ತಂಡಗಳು. ಆಗಸ್ಟ್ ಕೊನೆಯಲ್ಲಿ ನಡೆಯುವ ಮ್ಯಾಂಕ್ಸ್ ಗ್ರ್ಯಾನ್ ಪ್ರಿ ಹವ್ಯಾಸಿಗಳದು. 1923ರಲ್ಲಿ ಹವ್ಯಾಸಿಗಳಿಗೆಂದೇ ಶುರುವಾಗಿ 1930ರಲ್ಲಿ ಈಗಿನ ಹೆಸರು ಪಡೆದ ಈ ರೇಸಿಗೆ ಬರುವವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತ, ಸಂಜೆ ಹೊತ್ತು ಸ್ವಂತ ದುಡ್ಡಿನಲ್ಲಿ ಬೈಕು ಸಜ್ಜು ಮಾಡಿಕೊಂಡು, ವ್ಯಾನಿಗೆ ಹೇರಿಕೊಂಡು ಬರುವವರು. ರಸ್ತೆ ಮಾತ್ರ ಇಬ್ಬರಿಗೂ ಅದೇ.

ಆ ರಸ್ತೆಯ ಒಂದು ಸುತ್ತು 60.7 ಕಿ.ಮೀ. ಹೆಚ್ಚುಕಡಿಮೆ ಬೆಂಗಳೂರಿನಿಂದ ಚನ್ನಪಟ್ಟಣದಷ್ಟು ದೂರ. ಬೆಂಗಳೂರಿನ ಸವಾರರು ರೇಸಿಗೆಂದು ಹೋಗುವ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನ ಸುತ್ತು 3.7 ಕಿ.ಮೀ.; ಒಂದೇ ದಿನದಲ್ಲಿ ಹತ್ತಾರು ಸುತ್ತು ಹೊಡೆದು ಒಂದೊಂದು ತಿರುವನ್ನೂ ಪಳಗಿಸಿಕೊಳ್ಳಬಹುದು. ಐಲ್ ಆಫ್ ಮ್ಯಾನ್‌ನಲ್ಲಿ ತಿರುವುಗಳೇ ಇನ್ನೂರಕ್ಕೂ ಹೆಚ್ಚು. ಡಗ್ಲಸ್ ಪಟ್ಟಣದ ಮನೆಸಾಲುಗಳ ನಡುವೆ ಹೊರಡುವ ದಾರಿ ಕಲ್ಲುಗೋಡೆ, ಪೊದೆಬೇಲಿಗಳ ಹಳ್ಳಿಗಳನ್ನು ಹಾದು, ರಾಮ್ಸೀ ಎಂಬ ಕಡಲೂರಿನಿಂದ ಸ್ನೇಫೆಲ್ ಬೆಟ್ಟದ ಹೆಗಲಿಗೆ ಏರಿ, 422 ಮೀಟರ್ ಎತ್ತರ ಮುಟ್ಟಿ, ಮತ್ತೆ ಡಗ್ಲಸ್‌ಗೆ ಇಳಿಯುತ್ತದೆ. 2023ರ ಟಿಟಿಯಲ್ಲಿ ಪೀಟರ್ ಹಿಕ್ಮನ್ ಇದನ್ನು 16 ನಿಮಿಷ 36 ಸೆಕೆಂಡಿನಲ್ಲಿ ಸುತ್ತಿದರು. ಸರಾಸರಿ ವೇಗ ಗಂಟೆಗೆ 219 ಕಿ.ಮೀ. ಹವ್ಯಾಸಿಗಳಲ್ಲೂ ಸರಾಸರಿ 190 ಕಿ.ಮೀ. ದಾಟುವವರಿದ್ದಾರೆ.

ಇದನ್ನು ಎಂಟೆದೆಯ ಆಟ ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ಎದೆಗಾರಿಕೆ ಬೇಕು, ನಿಜ. ಆದರೆ ಲೆಕ್ಕ ಹಾಕುತ್ತ ಹೋದರೆ ಈ ರಸ್ತೆ ಸವಾರನಿಂದ ಎಲ್ಲಕ್ಕಿಂತ ಮೊದಲು ಕೇಳುವುದು ನೆನಪಿನ ಶಕ್ತಿಯನ್ನು ಎಂದು ನನಗೆ ಮನದಟ್ಟಾಗಿದೆ.

ಲೆಕ್ಕ ಒಂದೇ ಒಂದು. ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿ. ಬಂದ ಸಂಖ್ಯೆ, ಬೈಕಿನ ದಿಕ್ಕು ಬದಲಿಸಲು ಬೇಕಾದ ವೇಗೋತ್ಕರ್ಷ. ಅದು ಗುರುತ್ವದ ವೇಗೋತ್ಕರ್ಷಕ್ಕೆ ಸಮನಾದಾಗ ಬೈಕು ಸರಿಯಾಗಿ 45 ಡಿಗ್ರಿ ವಾಲಬೇಕು. ನೂರು ಮೀಟರ್ ತ್ರಿಜ್ಯದ ತಿರುವಿನಲ್ಲಿ ಹೀಗಾಗುವುದು ಗಂಟೆಗೆ 113 ಕಿ.ಮೀ. ವೇಗದಲ್ಲಿ. ಅದೇ ವಾಲಿನಲ್ಲಿ 200 ಕಿ.ಮೀ. ವೇಗ ಬೇಕೆಂದರೆ ತ್ರಿಜ್ಯ 315 ಮೀಟರ್ ಆಗಬೇಕು. ಸವಾರನ ತೂಕ, ಬೈಕಿನ ತೂಕ ಯಾವುದೂ ಈ ಲೆಕ್ಕದೊಳಗೆ ಬರುವುದಿಲ್ಲ. ವೇಗವಂತೂ ವರ್ಗವಾಗಿ ಬರುತ್ತದೆ. ತಿರುವಿಗೆ ನುಗ್ಗುವಾಗ ವೇಗ ಶೇ 5ರಷ್ಟು ಹೆಚ್ಚಾದರೆ ಟೈರು ಕೊಡಬೇಕಾದ ಹಿಡಿತ ಶೇ 10ರಷ್ಟು ಹೆಚ್ಚುತ್ತದೆ.

ಹಿಡಿತವೋ, ಮಿತವಾಗಿ ಸಿಗುವ ಸಂಬಳವಿದ್ದ ಹಾಗೆ. ಬ್ರೇಕಿಗೂ ಅದರಿಂದಲೇ ಕೊಡಬೇಕು, ತಿರುಗಲಿಕ್ಕೂ ಅದರಿಂದಲೇ. ಆದರೆ ಇಲ್ಲಿನ ಕೂಡುಲೆಕ್ಕ ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ್ದು. ನೂರು ಭಾಗ ಹಿಡಿತದಲ್ಲಿ 80 ಭಾಗವನ್ನು ತಿರುಗಲು ಬಳಸಿದರೂ ಬ್ರೇಕಿಗೆ 60 ಭಾಗ ಉಳಿದಿರುತ್ತದೆ, ಏಕೆಂದರೆ ಆ ಎರಡು ಬಲಗಳ ದಿಕ್ಕು ಬೇರೆ ಬೇರೆ. ನುರಿತ ಸವಾರ ತಿರುವಿನೊಳಕ್ಕೆ ಬೈಕನ್ನು ವಾಲಿಸುತ್ತ ವಾಲಿಸುತ್ತ ಬ್ರೇಕನ್ನು ಸ್ವಲ್ಪಸ್ವಲ್ಪವೇ ಬಿಡುವುದು ಇದೇ ಕಾರಣಕ್ಕೆ.

ಇದೇ ಸೂತ್ರವನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಏರಿಳಿತಗಳೂ ತಿರುವುಗಳೇ, ಮೇಲೆ ಕೆಳಗೆ ಬಾಗಿದ ತಿರುವುಗಳು. ಹೊರಟ ಕೆಲವೇ ಸೆಕೆಂಡುಗಳಲ್ಲಿ ಬ್ರೇ ಹಿಲ್ ಎಂಬ ಕಡಿದಾದ ಇಳಿಜಾರು ಬರುತ್ತದೆ. ಎರಡೂ ಬದಿ ಮನೆಗಳು, ಕಾಂಪೌಂಡು ಗೋಡೆಗಳು. ಇಳಿಜಾರಿನ ತಳದಲ್ಲಿ ರಸ್ತೆ ಥಟ್ಟನೆ ಮೇಲಕ್ಕೆ ಬಾಗುತ್ತದೆ. ಆ ಬಾಗಿನ ತ್ರಿಜ್ಯ 400 ಮೀಟರ್, ಬೈಕಿನ ವೇಗ 220 ಕಿ.ಮೀ. ಎಂದಿಟ್ಟುಕೊಂಡರೆ, ಆ ಒಂದು ಗಳಿಗೆ ಬೈಕೂ ಸವಾರನೂ ಸೇರಿ ತಮ್ಮ ತೂಕದ ಸುಮಾರು ಎರಡು ಪಟ್ಟು ತೂಗುತ್ತಾರೆ. ಶಾಕ್ ಅಬ್ಸಾರ್ಬರು ಪೂರ್ತಿ ಕುಸಿದು, ಬೈಕಿನ ಹೊಟ್ಟೆ ಡಾಂಬರನ್ನು ಸವರುತ್ತದೆ. ಮರುಕ್ಷಣವೇ ಒಂದು ಏರು. ಸವಾರ ಗಿಯಾಕೊಮೊ ಅಗೊಸ್ಟಿನಿಯಿಂದಾಗಿ ಅದಕ್ಕೆ ‘ಆಗೋಸ್ ಲೀಪ್’ ಎಂದು ಹೆಸರು. ಅಲ್ಲಿ ಲೆಕ್ಕ ತಲೆಕೆಳಗಾಗಿ ಮುಂದಿನ ಚಕ್ರ ನೆಲ ಬಿಡುತ್ತದೆ. ಎರಡು ಪಟ್ಟು ಭಾರ, ಆಮೇಲೆ ಭಾರವೇ ಇಲ್ಲ. ಟೈರಿನ ಹಿಡಿತ ಅದರ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ ಇರುವುದರಿಂದ, ತಗ್ಗಿನಲ್ಲಿ ಹಿಡಿತ ಹೇರಳ, ದಿಬ್ಬದ ನೆತ್ತಿಯಲ್ಲಿ ಶೂನ್ಯ. ಬೈಕನ್ನು ಎಲ್ಲಿ ತಿರುಗಿಸಬೇಕು, ಎಲ್ಲಿ ತಿರುಗಿಸಲೇಬಾರದು ಎಂಬುದು ಇದರಿಂದ ನಿರ್ಧಾರವಾಗುತ್ತದೆ.

ಬಲಾಫ್ ಹಳ್ಳಿಯ ಗೂನುಬೆನ್ನಿನ ಸೇತುವೆಯ ಮೇಲೆ ಎರಡು ಚಕ್ರಗಳೂ ಗಾಳಿಯಲ್ಲಿ. ಇಲ್ಲಿಗೆ ಬರುವಾಗ ಎಲ್ಲರೂ ಬಲವಾಗಿ ಬ್ರೇಕ್ ಹಿಡಿಯುತ್ತಾರೆ. ಆದರೂ ಹಾರದೆ ಗತಿಯಿಲ್ಲ. ನೆಲ ಬಿಟ್ಟ ಬೈಕಿಗೆ ಹ್ಯಾಂಡಲ್ ತಿರುಗಿಸಿ ದಾರಿ ಬದಲಿಸುವ ಅವಕಾಶವಿಲ್ಲ. ಯಾವ ದಿಕ್ಕಿನಲ್ಲಿ ಹಾರಿತೋ ಅದೇ ದಿಕ್ಕಿನಲ್ಲಿ ಇಳಿಯುತ್ತದೆ, ಸೇತುವೆ ದಾಟಿದೊಡನೆ ರಸ್ತೆ ಬಲಕ್ಕೆ ಹೊರಳಿದ್ದರೂ ಸರಿಯೆ. ಗಾಳಿಯಲ್ಲಿದ್ದಾಗ ಸವಾರನ ಕೈಯಲ್ಲಿ ಉಳಿಯುವ ಒಂದು ಸೂಕ್ಷ್ಮ ನಿಯಂತ್ರಣ ನನಗೆ ಬಹಳ ಇಷ್ಟ. ಆ್ಯಕ್ಸಿಲರೇಟರ್ ಕೊಂಚ ತಿರುವಿದರೆ ಹಿಂದಿನ ಚಕ್ರ ಇನ್ನೂ ಜೋರಾಗಿ ಸುತ್ತುತ್ತದೆ. ಇಡೀ ಬೈಕಿನ ಕೋನೀಯ ಸಂವೇಗ ಬದಲಾಗುವಂತಿಲ್ಲವಾದ್ದರಿಂದ ಬೈಕಿನ ಮೈ ಎದುರು ದಿಕ್ಕಿಗೆ ತಿರುಗಿ, ಮೂತಿ ಮೇಲೇಳುತ್ತದೆ. ಹಿಂದಿನ ಬ್ರೇಕ್ ಒತ್ತಿದರೆ ಮೂತಿ ಕೆಳಗಾಗುತ್ತದೆ. ಹಿಂದಿನ ಚಕ್ರ ಮೊದಲು ನೆಲ ಮುಟ್ಟಬೇಕು. ಹ್ಯಾಂಡಲ್ ಸೊಟ್ಟಗಿದ್ದು ಮುಂದಿನ ಚಕ್ರವೇ ಮೊದಲು ಮುಟ್ಟಿದರೆ ಬೈಕನ್ನು ಹತೋಟಿಗೆ ತರುವುದು ಕಷ್ಟ. ಚಕ್ರ ವಿಪರೀತ ವೇಗದಲ್ಲಿ ಸುತ್ತುತ್ತಲೇ ನೆಲಕ್ಕೆ ಬಡಿದರೆ ಅದರ ಏಟು ಚೈನಿಗೆ ತಾಗುತ್ತದೆ.

ರೇಸ್ ಟ್ರ್ಯಾಕಿನಲ್ಲಿ ಇಲ್ಲದ ಇನ್ನೊಂದು ತೊಡಕು ಊರ ರಸ್ತೆಯಲ್ಲಿದೆ. ಮಳೆನೀರು ಎರಡೂ ಬದಿಗೆ ಹರಿದುಹೋಗಲೆಂದು ರಸ್ತೆಯ ನಡುಭಾಗವನ್ನು ಉಬ್ಬಿಸಿ ಕಟ್ಟಿರುತ್ತಾರೆ. ಎಡ ತಿರುವಿನಲ್ಲಿ ರಸ್ತೆಯ ಎಡ ಅರ್ಧ ತಿರುವಿನ ಒಳಕ್ಕೆ ಇಳಿಜಾರಾಗಿ ಆಸರೆ ಕೊಡುತ್ತದೆ. ಬಲ ಅರ್ಧ ಹೊರಕ್ಕೆ ಇಳಿದು ಬೈಕನ್ನು ಹೊರಗೇ ಜಾರಿಸಲು ನೋಡುತ್ತದೆ. ಮಟ್ಟಸ ನೆಲದಲ್ಲಿ 180 ಕಿ.ಮೀ. ವೇಗ ತಾಳುವ ತಿರುವಿನಲ್ಲಿ, ಟೈರಿನ ಮಿತಿ 45 ಡಿಗ್ರಿ ಎಂದಿಟ್ಟುಕೊಂಡು, ಬರೀ 3 ಡಿಗ್ರಿ ಇಳಿಜಾರನ್ನು ಸೇರಿಸಿ ನೋಡಿ: ಒಳ ಇಳಿಜಾರಿನಲ್ಲಿ 190 ಕಿ.ಮೀ. ಸಾಧ್ಯ, ಹೊರ ಇಳಿಜಾರಿನಲ್ಲಿ 171 ಕಿ.ಮೀ. ಮಾತ್ರ. ಸವಾರ ತಿರುವನ್ನು ಆದಷ್ಟು ನೇರ ಮಾಡಿಕೊಳ್ಳಲು ಹೊರ ಅಂಚಿನಿಂದ ಒಳ ಅಂಚಿಗೆ, ಮತ್ತೆ ಹೊರ ಅಂಚಿಗೆ ಹೋಗುತ್ತಾನೆ. ಅಂದರೆ ಒಂದೇ ತಿರುವಿನಲ್ಲಿ ಎರಡು ಬಾರಿ ಆ ಉಬ್ಬನ್ನು ದಾಟಬೇಕು. ದಾಟುವ ಹೊತ್ತಿಗೆ, ಬೈಕು ವಾಲಿರುವಾಗಲೇ, ಟೈರಿನ ಮೇಲಿನ ಭಾರ ಹಗುರಾಗುತ್ತದೆ.

ಇನ್ನು ವಾಲಿಸುವುದು ಹೇಗೆ? ಎಡಕ್ಕೆ ತಿರುಗಬೇಕೆಂದರೆ ಹ್ಯಾಂಡಲನ್ನು ಮೊದಲು ಕ್ಷಣಕಾಲ ಬಲಕ್ಕೆ ತಿರುಗಿಸಬೇಕು. ಚಕ್ರಗಳು ಬಲಕ್ಕೆ ಸರಿದಾಗ ಮೇಲಿನ ಮೈ ಎಡಕ್ಕೆ ಬೀಳತೊಡಗುತ್ತದೆ, ಆ ಬೀಳುವಿಕೆಯೇ ವಾಲು. ಸೈಕಲ್ ತುಳಿಯುವ ನಾವೆಲ್ಲರೂ ಗೊತ್ತಿಲ್ಲದೆಯೇ ಇದನ್ನು ಮಾಡುತ್ತೇವೆ. ವಿಮಾನ ಹಾರಿಸಿದ ರೈಟ್ ಸಹೋದರರಲ್ಲಿ ದೊಡ್ಡವನಾದ ವಿಲ್ಬರ್ ಇದನ್ನು ಗಮನಿಸಿ ಹೇಳಿದ್ದ. ಸೈಕಲ್ ಅಂಗಡಿ ನಡೆಸಿದವನಲ್ಲವೇ. ದ್ವಿಚಕ್ರಿ ಬೀಳದೆ ನಿಲ್ಲುವುದು ಚಕ್ರದ ಗಿರಗಿಟ್ಟೆ ಗುಣದಿಂದ ಎಂದು ಬಹುಕಾಲ ನಂಬಲಾಗಿತ್ತು. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ಸೈಕಲ್ಲಿಗೆ ಎದುರು ದಿಕ್ಕಿನಲ್ಲಿ ತಿರುಗುವ ಇನ್ನೊಂದು ಚಕ್ರ ಜೋಡಿಸಿ ಆ ಗುಣವನ್ನು ಅಳಿಸಿಹಾಕಿದ. ಆದರೂ ಅದನ್ನು ಆರಾಮಾಗಿ ಓಡಿಸಲು ಬಂತು. ಹಾಗೆಂದು ರೇಸ್ ಬೈಕಿನಲ್ಲಿ ಚಕ್ರದ ಸುತ್ತುವಿಕೆಯನ್ನು ಕಡೆಗಣಿಸುವಂತಿಲ್ಲ. ವೇಗ ಹೆಚ್ಚಿದಷ್ಟೂ ಚಕ್ರ ತನ್ನ ದಿಕ್ಕನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ. ಎಡಕ್ಕೆ ವಾಲಿದ ಬೈಕನ್ನು ಮರುಗಳಿಗೆಯೇ ಬಲಕ್ಕೆ ಹೊರಳಿಸಲು ತೋಳಿನ ಬಲ ಚೆನ್ನಾಗಿಯೇ ಬೇಕು, ಸಮಯವೂ ಬೇಕು.

ಆ ಸಮಯವೇ ಇಲ್ಲಿ ಸಿಗದ ವಸ್ತು. ಗಂಟೆಗೆ 216 ಕಿ.ಮೀ. ಎಂದರೆ ಸೆಕೆಂಡಿಗೆ 60 ಮೀಟರ್. ಕಂಡದ್ದಕ್ಕೆ ಕೈ ಸ್ಪಂದಿಸಲು ಕಾಲು ಸೆಕೆಂಡು ಹಿಡಿದರೆ ಅಷ್ಟರಲ್ಲೇ 15 ಮೀಟರ್ ಕಳೆಯಿತು. ಅಲ್ಲಿಂದ ವೇಗವನ್ನು ಅರ್ಧಕ್ಕಿಳಿಸಲು, ಬ್ರೇಕು ಗುರುತ್ವದಷ್ಟೇ ಬಲವಾಗಿ ಹಿಡಿದರೂ, ಇನ್ನೂ 138 ಮೀಟರ್ ಬೇಕು. ಬೇಲಿ, ಗೋಡೆ, ಮರಗಳ ಸಂದಿಯಲ್ಲಿ ಸವಾರನಿಗೆ ಕಾಣುವ ರಸ್ತೆ ಎಷ್ಟೋ ಕಡೆ ಅಷ್ಟಿರುವುದೇ ಇಲ್ಲ. ಹಾಗಾಗಿ ಕಂಡಮೇಲೆ ತೀರ್ಮಾನಿಸುತ್ತೇನೆ ಎನ್ನುವವನಿಗೆ ಇಲ್ಲಿ ಜಾಗವಿಲ್ಲ. ತಿರುವು ಕಣ್ಣಿಗೆ ಬೀಳುವ ಮೊದಲೇ ಬೈಕು ವಾಲಿರಬೇಕು.

ಕಾರು ಓಡಿಸುವವರು ತಿರುವಿನಲ್ಲಿ ಎಲ್ಲಿ ನೋಡುತ್ತಾರೆಂದು ಮೈಕೆಲ್ ಲ್ಯಾಂಡ್ ಮತ್ತು ಡೇವಿಡ್ ಲೀ 1994ರಲ್ಲಿ ಅಳೆದು ತೋರಿಸಿದರು. ಕಣ್ಣು ಬಹುಪಾಲು ತಿರುವಿನ ಒಳ ಅಂಚಿನ, ನೋಟದ ಗೆರೆ ತಾಗಿ ಹೋಗುವ ಬಿಂದುವಿನಲ್ಲೇ ನೆಟ್ಟಿರುತ್ತದೆ. ಅಪರಿಚಿತ ರಸ್ತೆಗೆ ಅದು ಸಾಕು. ಇಲ್ಲಿ ಕಣ್ಣಿಗೆ ನೆನಪು ಹೆಗಲು ಕೊಡಬೇಕು. ಇನ್ನೂರು ತಿರುವುಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಲಾಗದು. ಚೆಸ್ ಪಟುಗಳು ಕಾಯಿಗಳನ್ನು ಬಿಡಿಬಿಡಿಯಾಗಿ ನೋಡದೆ ಗೊಂಚಲುಗಳಾಗಿ ನೆನಪಿಡುತ್ತಾರೆಂದು 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ತೋರಿಸಿದ್ದರು. ರಸ್ತೆ ಕಲಿಯುವ ಸವಾರರೂ ಹಾಗೆಯೇ ಮಾಡುತ್ತಾರೆ. ಗ್ಲೆನ್ ಹೆಲೆನ್ ಕಣಿವೆಯ ತಿರುವುಗಳೆಲ್ಲ ಸೇರಿ ಒಂದು ಗೊಂಚಲು, ಕರ್ಕ್ ಮೈಕೆಲ್ ಹಳ್ಳಿ ಇನ್ನೊಂದು. ಪ್ರತಿ ಗೊಂಚಲಿಗೂ ಗುರುತುಗಳಿವೆ: ಒಂದು ಗೇಟು, ಒಂದು ಕಂಬ, ಗೋಡೆಯ ಬಣ್ಣ ಬದಲಾಗುವ ಜಾಗ. ಇಲ್ಲಿ ಬ್ರೇಕು, ಅಲ್ಲಿ ವಾಲು, ಅದೋ ಅಲ್ಲಿ ಗೇರು.

ಆದರೆ ಕಲಿಯಲು ಸಿಗುವ ಹೊತ್ತೆಷ್ಟು? ಅಭ್ಯಾಸ, ರೇಸು ಎರಡೂ ಸೇರಿ ವರ್ಷಕ್ಕೆ ಇಪ್ಪತ್ತು ಸುತ್ತು ಸಿಕ್ಕಿತೆಂದೇ ಇಟ್ಟುಕೊಳ್ಳಿ. ಮೂರು ಸೆಕೆಂಡಿನ ಒಂದು ತಿರುವಿನೊಡನೆ ಸವಾರನ ಒಡನಾಟ ವರ್ಷಕ್ಕೆ ಒಂದೇ ನಿಮಿಷ! ಅದಕ್ಕೇ ಅವರು ಉಳಿದ ತಿಂಗಳುಗಳಲ್ಲಿ ಕಾರಿನಲ್ಲಿ ಬಂದು ಸುತ್ತುತ್ತಾರೆ, ಇಳಿದು ನಡೆದು ನೋಡುತ್ತಾರೆ, ಮನೆಯಲ್ಲಿ ವಿಡಿಯೊ ಹಾಕಿಕೊಂಡು ಕಣ್ಣು ಮುಚ್ಚಿ ಮುಂದಿನ ತಿರುವನ್ನು ಊಹಿಸುತ್ತಾರೆ. ಹೊಸಬರಿಗೆ ಕಿತ್ತಳೆ ಬಣ್ಣದ ಜಾಕೆಟ್ಟು. ಮೊದಲ ಸುತ್ತು ಅನುಭವಿಯೊಬ್ಬರ ಹಿಂದೆ, ಅವರು ಹಿಡಿದ ವೇಗದಲ್ಲೇ.

ಕಲಿತ ರಸ್ತೆಯೂ ದಿನಕ್ಕೊಂದು ಬಗೆ. ಕಡಲಿನ ತೇವದ ಗಾಳಿ ಸ್ನೇಫೆಲ್ ಬೆಟ್ಟಕ್ಕೆ ತಾಗಿ ಮೇಲೇರುವಾಗ ಹಿಗ್ಗಿ ತಣಿಯುತ್ತದೆ. ನಾನೂರು ಮೀಟರಿಗೆ ಸುಮಾರು 4 ಡಿಗ್ರಿ ಸೆಲ್ಸಿಯಸ್. ಅಷ್ಟು ಸಾಕು, ನೀರಾವಿ ಮಂಜಾಗಲು. ಸಮುದ್ರದೇವ ಮನನ್ನಾನ್ ತನ್ನ ಮೇಲುಹೊದಿಕೆಯಿಂದ ದ್ವೀಪವನ್ನು ಮರೆಮಾಡುತ್ತಾನೆ ಎಂದು ಅಲ್ಲಿನ ಜನಪದದ ನಂಬಿಕೆ. ರಾಮ್ಸೀಯಲ್ಲಿ ಬಿಸಿಲಿದ್ದಾಗಲೇ ಬೆಟ್ಟದ ಮೇಲೆ ಹತ್ತು ಹೆಜ್ಜೆ ಆಚೆಗೂ ಕಾಣದಿರಬಹುದು. ಮರಗಳ ಕೆಳಗೆ ರಸ್ತೆ ಒಣಗದೆ ಉಳಿದಿರುತ್ತದೆ. ಹಿಡಿತ ಅರ್ಧಕ್ಕಿಳಿದರೆ ಅದೇ ತಿರುವು ತಾಳುವ ವೇಗ ಶೇ 71ಕ್ಕೆ ಕುಸಿಯುತ್ತದೆ. ಸಂಜೆಯ ಅಭ್ಯಾಸದಲ್ಲಿ ಪಡುವಣಕ್ಕೆ ಓಡುವವರ ಕಣ್ಣಿಗೆ ನೇರ ಬಿಸಿಲು. ಬೆಟ್ಟದಲ್ಲಿ ಮಂಜು ಕವಿದು ರಕ್ಷಣಾ ಹೆಲಿಕಾಪ್ಟರ್ ಹಾರಲಾಗದಿದ್ದರೆ ರೇಸೇ ಇಲ್ಲ.

ಆ ಹೆಲಿಕಾಪ್ಟರ್ ಏಕೆ ಬೇಕೆಂಬುದಕ್ಕೂ ಅದೇ ವೇಗದ ವರ್ಗ ಉತ್ತರ ಕೊಡುತ್ತದೆ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಬಿದ್ದವನು ಟ್ರ್ಯಾಕಿನ ಜಲ್ಲಿಹಾಸಿನಲ್ಲಿ 50 ಮೀಟರ್ ಜಾರಿ ನಿಂತರೆ ಮೈಮೇಲೆ ಬೀಳುವ ಬಲ ತನ್ನ ತೂಕದಷ್ಟೂ ಆಗುವುದಿಲ್ಲ. ಎಷ್ಟೋ ಸಲ ಎದ್ದು ನಡೆದುಹೋಗುತ್ತಾನೆ. ಅದೇ ವೇಗ ಕಲ್ಲುಗೋಡೆಗೆ ತಾಗಿ ಅರ್ಧ ಮೀಟರಿನಲ್ಲಿ ನಿಂತರೆ ತೂಕದ ತೊಂಬತ್ತು ಪಟ್ಟಿಗೂ ಮಿಗಿಲು. 1911ರಿಂದ ಈ ಮಾರ್ಗದಲ್ಲಿ 250ಕ್ಕೂ ಹೆಚ್ಚು ಸವಾರರು ಸತ್ತಿದ್ದಾರೆ. 1972ರಲ್ಲಿ ಸವಾರ ಜಿಲ್ಬೆರ್ಟೊ ಪರ್ಲೊಟ್ಟಿ ಇಲ್ಲಿ ತೀರಿಕೊಂಡ ಮೇಲೆ ಅಗೊಸ್ಟಿನಿ ಮತ್ತೆ ಇಲ್ಲಿ ರೇಸಿಗೆ ಇಳಿಯಲಿಲ್ಲ. 1976ರ ನಂತರ ಟಿಟಿ ವಿಶ್ವ ಚಾಂಪಿಯನ್‌ಷಿಪ್ಪಿನಿಂದ ಹೊರಬಿತ್ತು. ಈ ಸಾವುಗಳನ್ನು ಸಾಹಸದ ಮೆರುಗಿನಿಂದ ಮುಚ್ಚುವುದು ತಪ್ಪು ಎಂದೇ ನನ್ನ ಭಾವನೆ. ಗೋಡೆಗಳಿಗೆ ಮೆತ್ತೆ ಕಟ್ಟಿದ್ದಾರೆ, ತರಬೇತಿ ಬಿಗಿಯಾಗಿದೆ. ಆದರೂ ಊರಿನ ಗೋಡೆಗಳನ್ನು ಹಿಂದಕ್ಕೆ ಸರಿಸಲಾಗದು.

ಹವ್ಯಾಸಿಗಳ ರೇಸಿಗೆ ಬಂದವರಲ್ಲಿ ಜೆಫ್ ಡ್ಯೂಕ್ 1949ರಲ್ಲಿ, ಫಿಲ್ ರೀಡ್ 1960ರಲ್ಲಿ ಮ್ಯಾಂಕ್ಸ್ ಗ್ರ್ಯಾನ್ ಪ್ರಿಯ ಸೀನಿಯರ್ ವಿಭಾಗ ಗೆದ್ದು, ಮುಂದೆ ವಿಶ್ವ ಚಾಂಪಿಯನ್ನರಾದರು. ಉಳಿದ ಬಹುತೇಕರು ಆಗಸ್ಟ್ ಮುಗಿದೊಡನೆ ತಮ್ಮ ತಮ್ಮ ಕೆಲಸಕ್ಕೆ ಮರಳುವವರು. ರಸ್ತೆ ಕಲಿಯಲು ಮೂರು ವರ್ಷ ಬೇಕು ಎಂಬುದು ಅವರ ನಡುವಿನ ರೂಢಿಮಾತು. ಮೊದಲ ವರ್ಷ ಹೊಸಬರು ಹೆಚ್ಚಾಗಿ ಸಮಯ ಹುಡುಕುವುದು ನಿಧಾನದ ತಿರುವುಗಳಲ್ಲಿ, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ. ಸಿಗುವ ಲಾಭ ಮಾತ್ರ ಸೆಕೆಂಡಿನ ಸಣ್ಣ ಪಾಲು. ಬೆಟ್ಟ ಏರುವಾಗ ಸಿಗುವ ‘ಮೌಂಟನ್ ಮೈಲ್’ನಂಥ ನೀಳ ದಾರಿಗೆ ಮುಂಚಿನ ತಿರುವಿನಿಂದ ಗಂಟೆಗೆ ಐದು ಕಿ.ಮೀ. ಹೆಚ್ಚು ವೇಗದಲ್ಲಿ ಹೊರಬಂದರೆ ಆ ಲಾಭ ದಾರಿಯುದ್ದಕ್ಕೂ ಜೊತೆಗೇ ಬರುತ್ತದೆ. ಅದಕ್ಕೆ ಆ್ಯಕ್ಸಿಲರೇಟರನ್ನು ಒಂದಿಷ್ಟು ಮೀಟರ್ ಮೊದಲೇ ತೆರೆಯಬೇಕು, ಅಂದರೆ ತಿರುವು ಎಲ್ಲಿ ಬಿಚ್ಚಿಕೊಳ್ಳುತ್ತದೆಂದು ಬೇಲಿಯ ಈಚೆಯಿಂದಲೇ ಗೊತ್ತಿರಬೇಕು. ಎರಡನೆಯ, ಮೂರನೆಯ ವರ್ಷ ಅವರ ಸಮಯ ಇಳಿಯತೊಡಗುವುದು ಇಂಥ ಕಡೆಗಳಲ್ಲಿ, ಬೈಕು ಅದೇ ಹಳೆಯದಾಗಿದ್ದರೂ.