ಅಲೆಗೆ ಸಣ್ಣ ಬೋರ್ಡೇ ಬೇಕೆಂದು ಹೇಳಿದವರಾರು?

“ಅಲೆಯಾಗ ಆಡಬೇಕಂದ್ರ ಸಣ್ಣ ಬೋರ್ಡ ಬೇಕ್ರಿ. ದೊಡ್ಡದು ಕೆರಿಯಾಗ ಆಡೋ ಹುಡುಗರಿಗೆ.” ಗೋವಾಕ್ಕೆ ಹೋಗಿ ದಡದಲ್ಲಿ ನಿಂತು ಎರಡು ದಿನ ವಿಂಡ್‌ಸರ್ಫಿಂಗ್ ನೋಡಿ ಬಂದವರು ಇದನ್ನು ಎಷ್ಟು ಖಚಿತವಾಗಿ ಹೇಳುತ್ತಾರೆಂದರೆ, ಕೇಳಿದವರು ಮರುಮಾತಾಡದೆ ಹಣ ಹೊಂದಿಸಲು ಹೊರಡುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಸಮುದ್ರವೆಂದರೆ ಗೋವಾ, ಇಲ್ಲವೇ ಕಾರವಾರ. ಅಲ್ಲಿಗೆ ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಅಲೆಯ ನೆತ್ತಿಯಿಂದ ಹಾಯಿ ಸಮೇತ ಆಕಾಶಕ್ಕೆ ಚಿಮ್ಮುವ ಸಾಹಸಿಗರ ವಿಡಿಯೊ ಮಾತ್ರ ಮುನ್ನೂರ ಅರವತ್ತೈದು ದಿನವೂ ಮೊಬೈಲಿನಲ್ಲಿ ಇರುತ್ತದೆ. ಅವರ ಕಾಲಡಿ ಇರುವುದು 75 ಅಥವಾ 80 ಲೀಟರಿನ ಪುಟ್ಟ ಬೋರ್ಡು. ಹಾಗಾಗಿ ನಮಗೂ ಅದೇ ಇರಲಿ ಎಂಬ ತೀರ್ಮಾನ ಆಗಿಬಿಡುತ್ತದೆ.

ಆ ಸಾಹಸಿಗರ ಮಟ್ಟಿಗೆ ಈ ಮಾತು ನಿಜ. ಕಲಿಯುವವರ ಮಟ್ಟಿಗೆ ಅಪ್ಪಟ ಸುಳ್ಳು. ಇದನ್ನು ತಿಳಿಯಲು ಹವಾಯಿಗೆ ಹೋಗಬೇಕಾಗಿಲ್ಲ, ನಾಲ್ಕನೆಯ ಇಯತ್ತೆಯ ಕೂಡುವ ಲೆಕ್ಕ ಸಾಕು.

ವಿಂಡ್‌ಸರ್ಫಿಂಗ್ ಬೋರ್ಡಿನ ಮೈಮೇಲೆ ಬರೆದಿರುವ ಲೀಟರ್ ಅದರ ಗಾತ್ರ. ಒಂದು ಲೀಟರ್ ಸಿಹಿನೀರಿನ ತೂಕ ಒಂದು ಕಿಲೋ. ಅಂದರೆ 80 ಲೀಟರಿನ ಬೋರ್ಡು ಪೂರ್ತಿ ಮುಳುಗಿದಾಗ ಎತ್ತಿ ಹಿಡಿಯಬಲ್ಲದ್ದು ಎಲ್ಲ ಸೇರಿ 80 ಕಿಲೋ ಮಾತ್ರ. ಕಲಿಯಲು ಬಂದವನ ತೂಕ 75 ಕಿಲೋ ಎಂದಿಟ್ಟುಕೊಳ್ಳೋಣ. ಬೋರ್ಡಿನ ಸ್ವಂತ ತೂಕ ಸುಮಾರು 7 ಕಿಲೋ. ಮಾಸ್ಟ್ ಎಂಬ ಹಾಯಿಕಂಬ, ಬೂಮ್ ಎಂಬ ಹಿಡಿಕೋಲು, ಹಾಯಿ ಸೇರಿ 9 ಕಿಲೋ. ಹಾರ್ನೆಸ್, ಲೈಫ್ ಜಾಕೆಟ್, ನೆನೆದ ಬಟ್ಟೆಗೆ 3 ಕಿಲೋ. ಒಟ್ಟು 94. ಹದಿನಾಲ್ಕು ಕಿಲೋ ಕಡಿಮೆ ಬಿತ್ತು. ಬೋರ್ಡಿನ ಮೇಲೆ ನಿಂತವನು ಮೊಣಕಾಲಿನವರೆಗೆ ನೀರಿಗಿಳಿದು, ಅಲ್ಲಿಂದ ಹಗ್ಗ ಹಿಡಿದು ಹಾಯಿ ಎತ್ತಬೇಕು. ನಿಂತ ನೆಲವೇ ಇಲ್ಲದವನು ಎತ್ತುವುದಾದರೂ ಏನನ್ನು?

ಇಲ್ಲೊಂದು ಬುದ್ಧಿವಂತಿಕೆಯ ತಕರಾರು ಬರುತ್ತದೆ: ಸಮುದ್ರದ್ದು ಉಪ್ಪುನೀರು, ಅದು ಹೆಚ್ಚು ತೇಲಿಸುತ್ತದೆ. ತೇಲಿಸುತ್ತದೆ, ನಿಜ. ಎಷ್ಟು? ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ. 2.5ರಷ್ಟು ಭಾರ. 80 ಲೀಟರಿನ ಬೋರ್ಡಿಗೆ ಹಿಡಕಲ್ ಜಲಾಶಯಕ್ಕಿಂತ ಕಾರವಾರದಲ್ಲಿ ಸಿಗುವ ಲಾಭ ಎರಡೇ ಕಿಲೋ. ಹದಿನಾಲ್ಕರ ಕೊರತೆ ಹನ್ನೆರಡಕ್ಕೆ ಇಳಿಯಿತು, ಅಷ್ಟೆ.

ಹಾಗಾದರೆ ಪಳಗಿದವರು ಅದೇ ಬೋರ್ಡಿನ ಮೇಲೆ ಹೇಗೆ ಹಾರಾಡುತ್ತಾರೆ? ಎರಡು ಕಾರಣ. ಒಂದು, ಅವರು ಬೋರ್ಡಿನ ಮೇಲೆ ನಿಂತು ಹಾಯಿ ಎತ್ತುವುದೇ ಇಲ್ಲ. ನೀರಿನಲ್ಲಿ ಮಲಗಿದಂತೆ ತೇಲುತ್ತ ಹಾಯಿಗೆ ಗಾಳಿ ತುಂಬಿಸುತ್ತಾರೆ, ಆ ಗಾಳಿಯೇ ಅವರನ್ನು ಎಳೆದು ಬೋರ್ಡಿನ ಮೇಲೆ ನಿಲ್ಲಿಸುತ್ತದೆ. ಇದಕ್ಕೆ ವಾಟರ್‌ಸ್ಟಾರ್ಟ್ ಎನ್ನುತ್ತಾರೆ. ಇದು ಕೈಗೆ ಹತ್ತಲು ಬಹಳ ದಿನದ ಅಭ್ಯಾಸ ಬೇಕು, ಜೊತೆಗೆ ಮೈಯನ್ನು ಎತ್ತುವಷ್ಟು ಗಾಳಿಯೂ ಬೇಕು. ಎರಡು, ವೇಗ ಸಿಕ್ಕ ಮೇಲೆ ಬೋರ್ಡನ್ನು ಹೊರುವುದು ಅದರ ಲೀಟರ್ ಅಲ್ಲ. ಅಡಿಯಲ್ಲಿ ನುಗ್ಗುವ ನೀರೇ ಅದನ್ನು ಮೇಲಕ್ಕೊತ್ತುತ್ತದೆ, ಬೋರ್ಡು ನೀರಿನ ಮೇಲೆ ಜಾರತೊಡಗುತ್ತದೆ. ಈ ಪ್ಲೇನಿಂಗ್ ಸ್ಥಿತಿಯಲ್ಲಿ ದೊಡ್ಡ ಬೋರ್ಡು ಕುಪ್ಪಳಿಸಿ ಕೈತಪ್ಪುತ್ತದೆ, ಸಣ್ಣದು ಅಂಚು ಒತ್ತಿದರೆ ಸಾಕು, ಹೇಳಿದಂತೆ ತಿರುಗುತ್ತದೆ. ಇಪ್ಪತ್ತು ನಾಟ್, ಅಂದರೆ ಗಂಟೆಗೆ 37 ಕಿಲೋಮೀಟರ್ ಗಾಳಿಯಲ್ಲಿ ಸಣ್ಣ ಬೋರ್ಡು ಬೇಕೆನ್ನುವುದು ಇದೇ ಕಾರಣಕ್ಕೆ.

ಆ ಗಾಳಿ ನಮ್ಮ ಕರಾವಳಿಯಲ್ಲಿ ಯಾವಾಗ ಸಿಗುತ್ತದೆ ಎಂದು ಬೋರ್ಡು ಕೊಳ್ಳುವವರು ಕೇಳುವುದೇ ಇಲ್ಲ. ಫೆಬ್ರುವರಿಯಿಂದ ಮೇವರೆಗೆ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬೀಸುತ್ತದೆ. ಸಾಮಾನ್ಯ ದಿನದಲ್ಲಿ ಅದು ಹತ್ತು ಹನ್ನೆರಡು ನಾಟ್ ಮುಟ್ಟಿದರೆ ದೊಡ್ಡದು. ಅಷ್ಟು ಗಾಳಿಗೆ 80 ಲೀಟರಿನ ಬೋರ್ಡು ಏಳುವುದಿಲ್ಲ. ದೊಡ್ಡ ಹಾಯಿ ಕಟ್ಟಿದರೆ ಎದ್ದೀತು ಎನ್ನುವವರೂ ಇದ್ದಾರೆ. ದೊಡ್ಡ ಹಾಯಿಯ ಭಾರವೂ ಅದೇ ಬೋರ್ಡಿನ ಮೇಲೆಯೇ ಬೀಳುತ್ತದೆ, ಅದರ ಎಳೆತವನ್ನು ತಾಳುವ ಅಗಲವಾಗಲಿ, ಹಿಂಬದಿಯ ಅಡಿರೆಕ್ಕೆ (ಫಿನ್) ಆಗಲಿ ಆ ಬೋರ್ಡಿಗೆ ಇರುವುದಿಲ್ಲ. ಇನ್ನು ಜೋರು ಗಾಳಿ ಬರುವುದು ಮಳೆಗಾಲದಲ್ಲಿ. ಆಗ ನೈರುತ್ಯದ ಗಾಳಿ ನೇರ ದಡಕ್ಕೆ ಅಪ್ಪಳಿಸುತ್ತದೆ, ಕಡಲು ಕದಡಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ತಲೆಮಾರುಗಳಿಂದ ಕಡಲನ್ನೇ ನಂಬಿದವರು ದೋಣಿ ದಡಕ್ಕೆಳೆದು ಕೂತ ಹೊತ್ತಿನಲ್ಲಿ, ಘಟಪ್ರಭೆಯ ದಂಡೆಯಿಂದ ಬಂದವನು ಮೊದಲ ಅಲೆ ಕಲಿಯಲು ಇಳಿಯುವುದನ್ನು ಏನೆನ್ನಬೇಕು?

ಇತಿಹಾಸ ನೋಡಿದರೂ ಸಣ್ಣ ಬೋರ್ಡಿನ ವಾದ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದ ಹಾಯ್ಲ್ ಶ್ವೈಟ್ಜರ್ ಮತ್ತು ಜಿಮ್ ಡ್ರೇಕ್ 1970ರಲ್ಲಿ ಪೇಟೆಂಟ್ ಪಡೆದ ‘ವಿಂಡ್‌ಸರ್ಫರ್’ 12 ಅಡಿ ಉದ್ದವಿತ್ತು. ರಾಬಿ ನೈಶ್ 1976ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ವಿಶ್ವ ಚಾಂಪಿಯನ್ ಆದದ್ದು ಅದರ ಮೇಲೆ. ಹವಾಯಿಯ ಕೈಲುವಾದಲ್ಲಿ ಲ್ಯಾರಿ ಸ್ಟ್ಯಾನ್ಲಿ, ಮೈಕ್ ಹೊರ್ಗನ್ ಮತ್ತವರ ಗೆಳೆಯರು ಬೋರ್ಡಿಗೆ ಕಾಲುಪಟ್ಟಿ ಜೋಡಿಸಿ ಅಲೆಯಿಂದ ಹಾರಲು ತೊಡಗಿದ್ದು 1970ರ ದಶಕದ ಕೊನೆಯಲ್ಲಿ, ಅದೂ ಇಂಥ ಉದ್ದನೆಯ ಬೋರ್ಡುಗಳಲ್ಲೇ. ಕುಳ್ಳ ಬೋರ್ಡುಗಳು ಹೆಚ್ಚಿದ್ದು ಆಮೇಲೆ, 1980ರ ದಶಕದಲ್ಲಿ. ಅಲೆಯ ಮೇಲೆ ಹಾಯಿ ಓಡಿಸುವುದನ್ನು ಜಗತ್ತಿಗೆ ತೋರಿಸಿದವರೇ ಉದ್ದನೆಯ ಬೋರ್ಡಿನಲ್ಲಿ ಕಲಿತಿದ್ದಾರೆ. ಇಂದು ಕೊಳ್ಳಲು ಹೊರಟವರಿಗೆ ಮಾತ್ರ ಅದು ಅವಮಾನ.

ಅಷ್ಟು ದೂರವೂ ಬೇಡ. ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ 2004ರಿಂದ, ಉಡುಪಿಯ ಬಳಿ ಕೋಡಿ ಬೆಂಗ್ರೆಯ ಶಾಕಾ ಸರ್ಫ್ ಕ್ಲಬ್ 2007ರಿಂದ ನಡೆಯುತ್ತಿವೆ. ಹಾಯಿ ಇಲ್ಲದ ಸರ್ಫಿಂಗ್ ಅವರದು, ಆದರೆ ಅಲೆ ಒಂದೇ. ಸರ್ಫಿಂಗ್ ಶಾಲೆಯಲ್ಲಿ ಹೊಸಬರ ಕೈಗೆ ಬರುವುದು ಎಂಟು ಒಂಬತ್ತು ಅಡಿಯ, ಫೋಮ್ ಹೊದಿಕೆಯ ದಪ್ಪ ಬೋರ್ಡು. 2016ರಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆದಾಗ ಚೂಪುಮೂತಿಯ ಪುಟ್ಟ ಬೋರ್ಡುಗಳಲ್ಲಿ ಮಿಂಚಿದವರನ್ನು ಜನ ನೋಡಿದರು. ಅವರು ಮೊದಲ ವರ್ಷ ಯಾವುದರ ಮೇಲೆ ನಿಂತಿದ್ದರು ಎಂಬುದನ್ನು ನೋಡಿದವರು ಕಡಿಮೆ.

ಇನ್ನೊಂದು ಉದಾಹರಣೆ ಕಡಲಿಲ್ಲದ ಊರಿನವರಿಗೆ ಹೇಳಿಮಾಡಿಸಿದಂತಿದೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ವಿಂಡ್‌ಸರ್ಫಿಂಗ್‌ನಲ್ಲಿ ಭಾರತಕ್ಕೆ ಕಂಚು ತಂದ ಇಬಾದ್ ಅಲಿ ಪಳಗಿದ್ದು ಭೋಪಾಲದ ಕೆರೆಯಲ್ಲಿ. ಅವರು ಸ್ಪರ್ಧಿಸಿದ ಆರ್‌ಎಸ್:ಎಕ್ಸ್ ಬೋರ್ಡು 2.86 ಮೀಟರ್ ಉದ್ದ, 93 ಸೆಂಟಿಮೀಟರ್ ಅಗಲ. ಅದು ರೇಸಿನ ಬೋರ್ಡು, ಅಲೆಯದಲ್ಲ, ಒಪ್ಪೋಣ. ಆದರೂ ದೊಡ್ಡ ಬೋರ್ಡು ‘ಹುಡುಗರಿಗೆ’ ಎನ್ನುವವರು ಆ ಪದಕದ ಮುಂದೆ ಸ್ವಲ್ಪ ತಡೆದು ಮಾತಾಡಬಹುದು.

ಹಾಗೆಂದು 200 ಲೀಟರಿನ ಹೊಸಬರ ಬೋರ್ಡನ್ನೇ ಅಲೆಗೆ ನುಗ್ಗಿಸಬೇಕೆಂದೂ ಅಲ್ಲ. ಒಡೆದ ನೊರೆಯಲ್ಲಿ ಅದು ಅಡ್ಡ ತಿರುಗಿದರೆ ದಡದಲ್ಲಿ ನಿಂತವರ ಕಾಲು ಮುರಿದೀತು. ಅದರ ತಳ ಚಪ್ಪಟೆ. ಅಲೆಯ ಇಳಿಜಾರಿನಲ್ಲಿ ಮೂತಿ ನೀರಿಗೆ ನೆಡುತ್ತದೆ. ಅಲೆಯ ಬೋರ್ಡುಗಳ ತಳಕ್ಕೆ ಉದ್ದಕ್ಕೂ ಬಾಗು ಇರುವುದು ಇದನ್ನು ತಪ್ಪಿಸಲೆಂದೇ. ನಡುವಿನ ದಾರಿ ಹೀಗಿದೆ. 75 ಕಿಲೋ ತೂಕದವನು ಹಾಯಿ ಎತ್ತುವುದು, ತಿರುಗಿಸುವುದು, ಗಾಳಿ ಬರುವ ದಿಕ್ಕಿನತ್ತ ಸಾಗುವುದನ್ನು 160ರಿಂದ 200 ಲೀಟರಿನ, ನಡುವೆ ನೀರಿಗಿಳಿಯುವ ಹಲಗೆ (ಡ್ಯಾಗರ್‌ಬೋರ್ಡ್) ಇರುವ ಬೋರ್ಡಿನ ಮೇಲೆ ಶಾಂತ ನೀರಿನಲ್ಲಿ ಮುಗಿಸಲಿ. ಹಾರ್ನೆಸ್, ಕಾಲುಪಟ್ಟಿ, ವಾಟರ್‌ಸ್ಟಾರ್ಟ್‌ಗೆ 115ರಿಂದ 125 ಲೀಟರಿನ ಫ್ರೀರೈಡ್ ಬೋರ್ಡು ಸಾಕು. ಅಲೆಗೆಂದೇ ಕೊಳ್ಳುವ ಮೊದಲ ಬೋರ್ಡು 95ರಿಂದ 105 ಲೀಟರಿನ ಫ್ರೀಸ್ಟೈಲ್ ವೇವ್ ಜಾತಿಯದಾಗಿರಲಿ. ಅಂದರೆ ಸ್ವಂತ ತೂಕದ ಮೇಲೆ ಇಪ್ಪತ್ತು ಮೂವತ್ತು ಲೀಟರ್. ಅದಕ್ಕೆ ಐದು, ಐದೂವರೆ ಚದರ ಮೀಟರಿನ ಹಾಯಿ. 80 ಲೀಟರ್ ಇದೆಲ್ಲದರ ನಂತರದ ಮಾತು, ಕರ್ನಾಟಕದ ಗಾಳಿ ನಂಬಿದವರಿಗೆ ಬಹುಶಃ ಎಂದೂ ಬೇಕಾಗದ ಮಾತು.

ಹತ್ತು ನಾಟ್ ಗಾಳಿ, ಸೊಂಟದೆತ್ತರದ ಅಲೆ ಇರುವ ದಿನಕ್ಕೆ ಇನ್ನೂ ಅಗ್ಗದ ಉಪಾಯವಿದೆ. ಹುಟ್ಟು ಹಾಕಿ ನಿಂತು ಸಾಗುವ ಹತ್ತಡಿಯ ಪ್ಯಾಡಲ್ ಬೋರ್ಡುಗಳಲ್ಲಿ ಕೆಲವಕ್ಕೆ ಮಾಸ್ಟ್ ಸಿಕ್ಕಿಸುವ ಜಾಗ ಇರುತ್ತದೆ. ಅಲೆಯೇ ಎಂಜಿನ್, ಹಾಯಿ ಸಹಾಯಕ್ಕೆ ಮಾತ್ರ. ಪಳಗಿದವರೂ ಗಾಳಿ ಕೈಕೊಟ್ಟ ದಿನ ಇದನ್ನೇ ಇಳಿಸುತ್ತಾರೆ. ನೋಡಲು ಠೀವಿ ಇಲ್ಲ ಎಂಬುದೊಂದೇ ಇದರ ಮೇಲಿನ ದೂರು.

ಉಳಿದ ನಂಬಿಕೆಗಳನ್ನು ಬೇಗ ಮುಗಿಸಬಹುದು.

ಹಿಡಕಲ್‌ನಲ್ಲೂ ಅಲೆ ಏಳುತ್ತದೆ, ಅಲ್ಲೇ ಅಲೆಯ ವಿದ್ಯೆ ಕಲಿಯಬಹುದು ಎಂಬುದು ಒಂದು. 51 ಟಿಎಂಸಿ ಅಡಿಯ ಜಲಾಶಯದಲ್ಲಿ ಗಾಳಿಗೆ ಏಳುವುದು ಒತ್ತೊತ್ತಾದ ಗಿಡ್ಡ ತೆರೆ. ದೂರದ ಸಾಗರದಿಂದ ಹೊರಟು ಮರಳದಿಬ್ಬದ ಮೇಲೆ ಮಗುಚುವ ಅಲೆಯ ಗುಣ ಅದಕ್ಕಿಲ್ಲ. ಮೊದಲ ಹಂತದ ಪಾಠಕ್ಕೆ ಮಾತ್ರ ಅಂಥ ನೀರು ಚೆನ್ನ, ನೀರಾವರಿ ಅಧಿಕಾರಿಗಳ ಅನುಮತಿ ಪಡೆದು, ನೀರು ತುಂಬಿದ ತಿಂಗಳುಗಳಲ್ಲಿ. ಬೇಸಿಗೆಯಲ್ಲಿ ಮಟ್ಟ ಇಳಿದಾಗ ಮುಳುಗಡೆಯಾದ ಹುನ್ನೂರಿನ ವಿಠ್ಠಲ ಮಂದಿರವೇ ಹೊರಗೆ ಕಾಣುತ್ತದೆ. ಅಂಥ ನೀರಿನಡಿ ಇನ್ನೇನೇನು ಕಲ್ಲುಗಳು ಫಿನ್‌ಗೆ ಕಾದಿವೆ ಎಂಬುದನ್ನು ಯೋಚಿಸಿಯೇ ಇಳಿಯಬೇಕು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೋರ್ಡನ್ನು ನೀರಿನಿಂದ ಮೇಲೆತ್ತುವ ನೀರಡಿಯ ರೆಕ್ಕೆ, ಅಂದರೆ ಫಾಯಿಲ್, ಬಂತು, ಆದ್ದರಿಂದ ಫಾಯಿಲ್ ಬೋರ್ಡೇ ಕೊಳ್ಳಬೇಕು ಎಂಬುದು ಇನ್ನೊಂದು. ಅಲ್ಲಿ ಬಳಸಿದ ಐಕ್ಯೂಫಾಯಿಲ್ ಮಾದರಿಯ ಕಂಬ ಬೋರ್ಡಿನಡಿ 95 ಸೆಂಟಿಮೀಟರ್ ಇಳಿದಿರುತ್ತದೆ. ಸೊಂಟದುದ್ದ ನೀರಿನ ಮರಳದಿಬ್ಬಕ್ಕೆ ಅದು ತಾಗಿದರೆ ಸವಾರ ಎಲ್ಲಿಗೆ ಹೋಗಿ ಬೀಳುತ್ತಾನೆಂದು ಊಹಿಸಿಕೊಳ್ಳಿ.

ಹಳೆಯ 100 ಲೀಟರ್ ಹೊಸ 100 ಲೀಟರಿಗೆ ಸಮ ಎಂಬುದು ಸೆಕೆಂಡ್ ಹ್ಯಾಂಡ್ ಪೇಟೆಯ ನಂಬಿಕೆ. 1990ರ ದಶಕದ ಬೋರ್ಡುಗಳು ಉದ್ದ, ಕಿರಿದು. ಅದೇ ಲೀಟರ್ ಇದ್ದರೂ ಈಗಿನ ಅಗಲದ ಬೋರ್ಡಿನಷ್ಟು ಸ್ಥಿರವಾಗಿ ನಿಲ್ಲುವುದಿಲ್ಲ.

ಬೆಳಗಿನ ಗಾಳಿ ಸುರಕ್ಷಿತ, ಆಗ ನೀರು ಕನ್ನಡಿಯಂತಿರುತ್ತದೆ ಎಂಬುದು ಎಲ್ಲಕ್ಕಿಂತ ಅಪಾಯದ್ದು. ಬೆಳಗಿನದು ನೆಲದಿಂದ ಕಡಲಿಗೆ ಬೀಸುವ ಗಾಳಿ. ಹೊಸಬರನ್ನು ಅದು ಸದ್ದಿಲ್ಲದೆ ಆಚೆಗೆ ಒಯ್ಯುತ್ತದೆ. ಕಲಿಯಲು ಬೇಕಾದದ್ದು ದಡಕ್ಕೆ ಅಡ್ಡಲಾಗಿ, ತುಸು ಒಳಮುಖವಾಗಿ ಬೀಸುವ ಗಾಳಿ.

ಬೇಸರ ತರಿಸುವುದು ಈ ನಂಬಿಕೆಗಳಿಗಿಂತ ಅವುಗಳನ್ನು ನಂಬುವ ರೀತಿ. ಮೂಡಲಗಿಯ ರೈತರು ಕಬ್ಬಿನ ಬೀಜ ತರುವ ಮುನ್ನ ಕೋ 86032 ತಳಿಯೇ ಹೌದೋ, ಯಾವ ಹೊಲದ್ದು, ಎಷ್ಟು ತಿಂಗಳ ಕಬ್ಬು, ಗಣ್ಣು ಹೇಗಿದೆ ಎಂದು ನಾಲ್ಕು ಊರು ಸುತ್ತಿ ವಿಚಾರಿಸುತ್ತಾರೆ. ಅದೇ ಮನೆಯ ಪದವೀಧರ ಮಗ ಹತ್ತಾರು ಸಾವಿರದ ಬೋರ್ಡನ್ನು ಮೂವತ್ತು ಸೆಕೆಂಡಿನ ವಿಡಿಯೊ ನೋಡಿ ಕೊಳ್ಳುತ್ತಾನೆ. ಬೋರ್ಡಿನ ಬಣ್ಣ ಕೇಳುತ್ತಾನೆ, ತನ್ನ ತೂಕವನ್ನು ಹೇಳುವುದಿಲ್ಲ. ವಿಡಿಯೊದಲ್ಲಿರುವವನು ಹವಾಯಿಯಲ್ಲಿದ್ದಾನೆ, ಮೂವತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಾನೆ, ಕೆಳಗಿನ ಬೋರ್ಡು ಅವನಿಗೆ ಕಂಪನಿ ಕೊಟ್ಟದ್ದು ಎಂಬ ಮೂರು ಸಂಗತಿ ಈ ಮಗನ ಲೆಕ್ಕಕ್ಕೇ ಬರುವುದಿಲ್ಲ. ಕ್ರಿಕೆಟ್ ಬ್ಯಾಟು, ಜಿಮ್ಮಿನ ಪುಡಿ, ರೇಸ್ ಸೈಕಲ್ಲು ಎಲ್ಲದರಲ್ಲೂ ನಡೆಯುವುದು ಇದೇ. ಗೆದ್ದವನ ಸಾಮಾನು ಬೇಕು, ಅವನ ಅಭ್ಯಾಸ ಬೇಡ. ಮಾರುವವರಿಗೂ ಇದು ಗೊತ್ತು. ಅವರಲ್ಲಿ ಉಳಿದಿರುವ ಸಣ್ಣ ಬೋರ್ಡು ಅವರ ಬಾಯಲ್ಲಿ ತಟ್ಟನೆ “ಅಲೆಗೆ ಹೇಳಿ ಮಾಡಿಸಿದ್ದು” ಆಗಿಬಿಡುತ್ತದೆ.

ಕೊಳ್ಳಲೇಬೇಕೆಂದು ಹೊರಟವರು ಮಾರುವವರಿಗೆ ಐದು ಪ್ರಶ್ನೆ ಹಾಕಲಿ: ಎಷ್ಟು ಲೀಟರ್, ಎಷ್ಟು ಅಗಲ, ಯಾವ ವರ್ಷದ್ದು, ಎಲ್ಲಿ ದುರಸ್ತಿಯಾಗಿದೆ, ಎಷ್ಟು ಚದರ ಮೀಟರಿನ ಹಾಯಿ ತಾಳುತ್ತದೆ. ಜೊತೆಗೆ ಮೇಲಿನ ಕೂಡುವ ಲೆಕ್ಕವನ್ನು ಸ್ವಂತ ತೂಕ ಹಾಕಿ ಮಾಡಲಿ. ಮಾರುವವರು ಇವರ ತೂಕವನ್ನೇ ಕೇಳದಿದ್ದರೆ ಆ ವ್ಯಾಪಾರ ಬಿಟ್ಟು, ಬಾಡಿಗೆಗೆ ಬೋರ್ಡು ಕೊಡುವ ಕಡೆ ಒಂದು ವಾರ 120ರಲ್ಲೂ 100ರಲ್ಲೂ ನಿಂತು ನೋಡಲಿ. ಉಳಿದ ಹಣದಲ್ಲಿ ಒಳ್ಳೆಯ ಲೈಫ್ ಜಾಕೆಟ್, ಒಂದು ಹೆಲ್ಮೆಟ್ ಬರುತ್ತದೆ. ಮಾಸ್ಟ್ ತಲೆಗೆ ಬಡಿಯುವುದು ಕಲಿಯುವ ದಿನಗಳಲ್ಲೇ ಹೆಚ್ಚು.