ಬೆಳೆಯುವ ಬಾಲಿಕೆಯರೂ ರಕ್ತಪುಷ್ಟಿಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ತೆಂಗಿನಕಾಯಿಯು ಉಂಡೆ ಕೊಬ್ಬರಿಯಾಗಲು ಸುಮಾರು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ, ಅಟ್ಟದ ಮೇಲಿರಬೇಕು. ಕಾಯಿಗಾಗಿ ಇಷ್ಟು ತಾಳ್ಮೆಯಿಂದ ಕಾಯುವ ನಾವು ಬೆಳೆಯುವ ಹೆಣ್ಣುಮಕ್ಕಳ ವಿಷಯದಲ್ಲಿ ಅಷ್ಟೇ ಎಚ್ಚರದಿಂದಿರುವೆವೇ?

ಪ್ರಾಯಕ್ಕೆ ಬರುವ ಕಾಲದಲ್ಲಿ ದೇಹವು ಬೇಗನೆ ಬೆಳೆಯುವುದು. ಮುಟ್ಟಿನಿಂದ ತಿಂಗಳು ತಿಂಗಳೂ ರಕ್ತವು ನಷ್ಟವಾಗುವುದು. ಕಬ್ಬಿಣದ ಅಂಶವು ಸಾಲದೆ ಹೋದಲ್ಲಿ ರಕ್ತಹೀನತೆಯುಂಟಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ಈ ಸ್ಥಿತಿಯಲ್ಲಿದ್ದರು. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣದ ಅದಿರೇನೋ ಹೇರಳವಾಗಿದೆ!

ಇಂಥ ಬಾಲಿಕೆಗೆ ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದಲ್ಲಿ ಮಂಕು. ಸೋಮಾರಿತನವೆಂದು ನಾವೇ ಗದರಿಸಿದ್ದುಂಟು. ಅದಕ್ಕಾಗಿ ಈಗ ನಾಚುತ್ತೇವೆ. ವಿಚಾರಿಸಿದರೆ ಅವಳು ಬೆಳಿಗ್ಗೆ ಬರಿಯ ಟೀ ಕುಡಿದು ಬಂದವಳು, ರಾತ್ರಿ ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಂಡವಳು. ಊಟದೊಡನೆ ಕುಡಿದ ಟೀಯು ಆಹಾರದ ಕಬ್ಬಿಣವನ್ನು ಮೈಗೆ ಹತ್ತಗೊಡದು. ನಿಂಬೆ, ನೆಲ್ಲಿಕಾಯಿಗಳಾದರೋ ಹತ್ತಿಸುತ್ತವೆ. ರಾಗಿಮುದ್ದೆ, ಹುರುಳಿಕಾಳು, ಸೊಪ್ಪಿನ ಸಾರು ಇವು ನಮ್ಮ ಅಡಿಗೆಮನೆಗೆ ಹೊಸವಲ್ಲ. ಅವಳ ತಟ್ಟೆಗೆ ಮೊದಲೇ ಬಡಿಸಬೇಕಾದದ್ದಷ್ಟೇ ಹೊಸದು.

ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅದನ್ನು ಊಟವಾದ ಮೇಲೆ ನುಂಗತಕ್ಕದ್ದು. ಬರಿಹೊಟ್ಟೆಯಲ್ಲಿ ಓಕರಿಕೆ ಬರುವುದುಂಟು. ಮಲವು ಕಪ್ಪಾದರೆ ಅಂಜಬೇಕಾದದ್ದಿಲ್ಲವೆಂದು ತಾಯಂದಿರಿಗೂ ಮುಂಚಿತವಾಗಿ ತಿಳಿಸಿರಬೇಕು. ತಿಳಿಯದ ಮನೆಯಲ್ಲಿ ಮಾತ್ರೆಯು ತಿಪ್ಪೆಗೆ ಬೀಳುತ್ತದೆ.